ಅಮ್ಮನ ಮೂರನೆಯ ಸ್ವರ

ಅವಳನ್ನು ಎಲ್ಲರೂ ಪೀಪಿ ಎಂದೇ ಕರೆಯುತ್ತಿದ್ದರು. ಮೂರು ವರ್ಷದವಳಿದ್ದಾಗ ಅಪ್ಪನ ಅಂಗಡಿಯ ನೆಲದ ಮೇಲೆ ಬಿದ್ದಿದ್ದ ಹಳೆಯ ರೀಡೊಂದನ್ನು ಬಾಯಿಗಿಟ್ಟು ಊದಿದಳಂತೆ. ಅದು ಕೂಗಿತು. ಇವಳು ಹೆದರಿ ಅತ್ತಳು. ರೀಡನ್ನು ಬಾಯಿಂದ ತೆಗೆಯದೆಯೇ ಅತ್ತದ್ದರಿಂದ ಅಳುವೂ ಅದೇ ಸ್ವರದಲ್ಲಿ ಬಂತು. ಆಗ ಅಂಗಡಿಯಲ್ಲಿದ್ದ ಗಿರಾಕಿಯೊಬ್ಬರು ಇಟ್ಟ ಹೆಸರು ಅದು. ಮುಂದೆ ರೇಡಿಯೋ ಕೇಂದ್ರದ ಗಾಯನವೃಂದದಲ್ಲಿ ಇಪ್ಪತ್ತೆರಡು ವರ್ಷ ಹಾಡಿದಾಗಲೂ ಹಾಜರಿ ಪುಸ್ತಕದಲ್ಲಿ ಮಾತ್ರ ಅವಳಿಗೆ ಬೇರೆ ಹೆಸರಿತ್ತು.

ಅಪ್ಪನದು ಹಾರ್ಮೋನಿಯಂ ರಿಪೇರಿಯ ಅಂಗಡಿ. ರಸ್ತೆಯ ಕಡೆಗೆ ಅಂಗಡಿ, ಅದರ ಹಿಂದೆ ಒಂದು ಕೋಣೆ, ಅದರ ಹಿಂದೆ ಅಡುಗೆಮನೆ. ರೀಡ್ ಎಂದರೆ ಹಾರ್ಮೋನಿಯಂ ಒಳಗೆ ಗಾಳಿ ತಗುಲಿ ಕಂಪಿಸುವ ಹಿತ್ತಾಳೆಯ ತೆಳುಪಟ್ಟಿ, ಒಂದೊಂದು ಕೀಗೂ ಒಂದೊಂದು. ಅಪ್ಪ ಅವನ್ನು ಸ್ವರದ ಪ್ರಕಾರ ಬೇರೆ ಬೇರೆ ಡಬ್ಬಿಗಳಲ್ಲಿ ಇಟ್ಟಿದ್ದ. ಅಂಗಡಿಗೆ ಊರಿನ ಎಲ್ಲ ಬಗೆಯ ಜನವೂ ಬರುತ್ತಿತ್ತು. ಪ್ರಾರ್ಥನೆಯ ಹಾಡಿನವರು, ನಾಟಕದವರು, ಶಾಲೆಯ ಸಂಗೀತದ ಟೀಚರು, ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತರಾದ ಮುದುಕರು. ಪೆಟ್ಟಿಗೆ ಸರಿಯಾಗಿದೆಯೋ ಇಲ್ಲವೋ ಎಂದು ನೋಡಲು ಪ್ರತಿಯೊಬ್ಬರೂ ತಮ್ಮ ಜನರ ಒಂದು ಹಾಡನ್ನು ಅಲ್ಲೇ ಕೂತು ನುಡಿಸುತ್ತಿದ್ದರು. ಪೀಪಿ ಶಾಲೆಗೆ ಸೇರುವ ಮೊದಲೇ ಇಂಥ ಮೂವತ್ತು ನಲವತ್ತು ಹಾಡುಗಳ ಮೊದಲ ಸಾಲು ಕಲಿತಿದ್ದಳು. ಎರಡನೆಯ ಸಾಲು ಗೊತ್ತಿರಲಿಲ್ಲ. ಮೊದಲ ಸಾಲಿಗೇ ಗಿರಾಕಿಗಳು ತೃಪ್ತರಾಗಿ ಎದ್ದು ಹೋಗುತ್ತಿದ್ದರು.

ಮೇಲಿನ ಮನೆಯಲ್ಲಿ ತೀರಿಹೋದ ಕಟ್ಟಡದ ಮಾಲೀಕರ ಹೆಂಡತಿ ಇದ್ದರು. ಮಹಡಿಯಮ್ಮ ಎಂದು ಇವರೆಲ್ಲ ಕರೆಯುತ್ತಿದ್ದದ್ದು. ಅವರದು ಇನ್ನೊಂದೇ ಭಾಷೆ. ಕಿವಿ ಮಂದವಾದ್ದರಿಂದ ರೇಡಿಯೋವನ್ನು ಪೂರ್ತಿ ತಿರುಗಿಸಿ ಇಡುತ್ತಿದ್ದರು. ದಪ್ಪ ಹಲಗೆಯ ಚಾವಣಿಯನ್ನು ದಾಟಿ ಎತ್ತರದ ದನಿಗಳು ಕೆಳಗಿಳಿಯುತ್ತಿರಲಿಲ್ಲ, ತಗ್ಗಿನವು ಮಾತ್ರ ಇಳಿಯುತ್ತಿದ್ದವು. ರೇಡಿಯೋದಲ್ಲಿ ಬರುತ್ತಿದ್ದದ್ದು ಹತ್ತಾರು ಜನ ಸೇರಿ, ಕೆಲವರು ಎತ್ತರದ ದನಿಯಲ್ಲಿ ಕೆಲವರು ತಗ್ಗಿನ ದನಿಯಲ್ಲಿ, ಬೇರೆ ಬೇರೆ ಸ್ವರ ಹೆಣೆದು ಹಾಡುವ ಹಾಡುಗಳು. ಹಾಗಾಗಿ ಅವುಗಳಲ್ಲಿ ಪೀಪಿ ಕಲಿತದ್ದೆಲ್ಲ ಕೆಳಗಿನ ದನಿಯವರ ಪಾಲು. ಎಷ್ಟೋ ವರ್ಷ ಅದೇ ಪೂರ್ತಿ ಹಾಡು ಎಂದುಕೊಂಡಿದ್ದಳು.

ಅಮ್ಮ ಬೇರೆ ಸೀಮೆಯವಳು. ಹದಿನೆಂಟನೆಯ ವಯಸ್ಸಿಗೆ ಒಬ್ಬಳೇ ಈ ಊರಿಗೆ ಬಂದು ಶಾಲೆಯೊಂದರಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದ್ದಳು. ಆ ಸೀಮೆಯಲ್ಲಿ ಅವಳವರೆಂಬುವರು ಯಾರೂ ಉಳಿದಿರಲಿಲ್ಲ. ಶಾಲೆಯ ಹಾರ್ಮೋನಿಯಂ ಕೆಟ್ಟಾಗ ಅದನ್ನು ತಲೆಯ ಮೇಲೆ ಹೊತ್ತು ಅಂಗಡಿಗೆ ತಂದವಳು ಅವಳೇ. ಅದನ್ನು ವಾಪಸ್ ಒಯ್ಯುವ ಹೊತ್ತಿಗೆ ಮದುವೆಯ ಮಾತು ಮುಗಿದಿತ್ತು. ಅಪ್ಪ ಅದನ್ನು ಹೇಳುವಾಗಲೆಲ್ಲ, ಆ ಪೆಟ್ಟಿಗೆ ರಿಪೇರಿಗೆ ನಾಲ್ಕು ಸಲ ಬಂತು, ಕೆಟ್ಟಿದ್ದು ಮಾತ್ರ ಒಂದೇ ಸಲ ಎಂದು ಸೇರಿಸುತ್ತಿದ್ದ.

ಅಮ್ಮನಿಗೆ ಒಂದು ಹಾಡು ಬರುತ್ತಿತ್ತು. ಅವಳ ಕಡೆಯ ಹೆಂಗಸರು ಮಕ್ಕಳ ತಲೆ ಬಾಚುವಾಗ ಹಾಡುವ ಹಾಡು. ಸಿಕ್ಕು ಬಿಡಿಸಿ ಜಡೆ ಮುಗಿಯುವವರೆಗೆ ಸುತ್ತಿ ಸುತ್ತಿ ಅದೇ ನಾಲ್ಕು ಸಾಲು. ಮದುವೆಯಾದ ಹೊಸದರಲ್ಲಿ ಅಪ್ಪ ಅದಕ್ಕೆ ಹಾರ್ಮೋನಿಯಂ ಹಿಡಿಯಲು ಕೂತ. ಸರಿಗಮದ ಮೂರನೆಯ ಸ್ವರ ಬಂದಾಗ ಪೆಟ್ಟಿಗೆ ಒಂದು ದಾರಿ, ಅವಳು ಒಂದು ದಾರಿ. ಅಪ್ಪ ಒತ್ತಿದ ಕೀಗಿಂತ ಅವಳು ತಗ್ಗಿನಲ್ಲಿ ಹಾಡಿದಳು. ಪಕ್ಕದ ತಗ್ಗಿನ ಕೀ ಒತ್ತಿದರೆ ಅದಕ್ಕಿಂತ ಎತ್ತರದಲ್ಲಿ. ಎರಡು ಕೀಗಳ ನಡುವಿನ ಅಂತರವನ್ನು ನೂರು ಭಾಗ ಮಾಡಿ ತಗ್ಗಿನ ಕೀಯಿಂದ ಎಣಿಸಿದರೆ ಅವಳ ಸ್ವರ ಸುಮಾರು ಅರವತ್ತನೆಯ ಭಾಗದ ಹತ್ತಿರ ಇದ್ದಿರಬೇಕು. ಸುಮಾರು ಎಂದೇ ಹೇಳಬೇಕು, ಯಾರೂ ಅಳೆಯಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಹೆಂಡತಿಯನ್ನು ತಿದ್ದುತ್ತಿದ್ದರು. ಇವನು ರಿಪೇರಿಯವನು. ಮೂರು ಸಲ ಪರೀಕ್ಷೆ ಮಾಡಿ ದೋಷ ಪೆಟ್ಟಿಗೆಯಲ್ಲಿದೆ ಎಂದು ತೀರ್ಮಾನಿಸಿದ. ಮೇಲಿನ ಹಲಗೆ ಬಿಚ್ಚಿ ಆ ಒಂದು ರೀಡನ್ನು ಹೊರತೆಗೆದು ಬುಡದ ಹತ್ತಿರ ಅರ ಹಾಕಿ ಉಜ್ಜಿದ. ಬುಡ ಉಜ್ಜಿದರೆ ಸ್ವರ ಇಳಿಯುತ್ತದೆ, ತುದಿ ಉಜ್ಜಿದರೆ ಏರುತ್ತದೆ. ಅಮ್ಮ ಪಕ್ಕದಲ್ಲಿ ಕೂತು ಇನ್ನೂ, ಇನ್ನೂ ಎನ್ನುತ್ತ ಹೋದಳು. ಸಾಕು ಎಂದಾಗ ನಿಲ್ಲಿಸಿದ. ಮನೆಯ ಹಾರ್ಮೋನಿಯಂ ಅಂದಿನಿಂದ ಅಮ್ಮನ ಹಾಡಿಗೆ ಸರಿಯಾಯಿತು. ಉಳಿದೆಲ್ಲ ಹಾಡಿಗೂ ಸ್ವಲ್ಪ ತಪ್ಪಾಯಿತು.

ಪೀಪಿ ಸಂಗೀತ ಕಲಿತದ್ದು ಆ ಪೆಟ್ಟಿಗೆಯ ಮುಂದೆ. ಬೆಳಿಗ್ಗೆ ಅಮ್ಮ ತಲೆ ಬಾಚುತ್ತ ಹಾಡುತ್ತಿದ್ದಳು, ಶಾಲೆಯಿಂದ ಬಂದ ಮೇಲೆ ಅಪ್ಪ ಪಾಠ ಹೇಳುತ್ತಿದ್ದ. ಎರಡರಲ್ಲೂ ಆ ಸ್ವರ ಒಂದೇ ಕಡೆ ಇತ್ತು. ಅನುಮಾನ ಪಡಲು ಅವಳಿಗೆ ಕಾರಣವೇ ಇರಲಿಲ್ಲ. ಗಿರಾಕಿಗಳ ಪೆಟ್ಟಿಗೆಯಲ್ಲಿ ಅದು ಬೇರೆ ಕಡೆ ಕೇಳಿದರೆ, ರಿಪೇರಿಗೆ ಬಂದ ಪೆಟ್ಟಿಗೆಯಲ್ಲವೇ ಎಂದುಕೊಳ್ಳುತ್ತಿದ್ದಳು.

ಎಂಟು ವರ್ಷದವಳಿದ್ದಾಗ ಒಂದು ಸಣ್ಣ ಘಟನೆ ನಡೆಯಿತು. ಶಾಲೆಯ ಗೇಟಿನಲ್ಲಿ ಅಮ್ಮ ತನ್ನ ಭಾಷೆಯಲ್ಲಿ ಇವಳನ್ನು ಕೂಗಿ ಕರೆದಳು. ಜೊತೆಯ ಹುಡುಗಿಯರು ಅದನ್ನು ಅಣಕಿಸಿದರು. ಮನೆಗೆ ಬರುವಾಗ ಪೀಪಿ, ಗೇಟಿನ ಹತ್ತಿರ ನಮ್ಮ ಥರಾನೇ ಮಾತಾಡು ಅಂದಳು. ಅಮ್ಮ ಸರಿ ಎಂದಳು. ಗೇಟಿನಲ್ಲಿ ನಿಂತ ಮಾತು ಬಾಗಿಲಲ್ಲಿ ನಿಂತಿತು, ಬಾಗಿಲಲ್ಲಿ ನಿಂತದ್ದು ಅಡುಗೆಮನೆಯಲ್ಲೂ ನಿಂತಿತು. ಒಂದೆರಡು ವರ್ಷದಲ್ಲಿ ಆ ಭಾಷೆ ಎನ್ನುವುದು ಆ ಮನೆಯಲ್ಲಿ ಇಪ್ಪತ್ತು ಮೂವತ್ತು ಮಾತು, ಆ ನಾಲ್ಕು ಸಾಲಿನ ಹಾಡು, ಇಷ್ಟಕ್ಕೆ ಬಂದು ನಿಂತಿತು. ಅಪ್ಪನಿಗಂತೂ ಅದರಲ್ಲಿ ಬೈಗುಳ ಮಾತ್ರ ಬರುತ್ತಿತ್ತು. ಅದೂ ತಾನು ತಿಂದ ಬೈಗುಳವಾದ್ದರಿಂದ ಉಚ್ಚಾರ ಸ್ಪಷ್ಟವಾಗಿದೆ ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದ.

ಹದಿನೇಳಕ್ಕೆ ಅವಳು ರೇಡಿಯೋ ಗಾಯನವೃಂದದ ಆಯ್ಕೆಗೆ ಹೋದಳು. ವೃಂದವನ್ನು ನಡೆಸುತ್ತಿದ್ದವರು ಎತ್ತರದ, ಕನ್ನಡಕದ ಹೆಂಗಸು. ಪೀಪಿ ಐದು ಭಾಷೆಯ ಹಾಡು ಹಾಡಿದಳು. ಮೇಲಿನ ದನಿಯವರು ಹಾಡುವಾಗ ಕಾಗದ ನೋಡದೆಯೇ ಕೆಳಗಿನ ದನಿ ಜೋಡಿಸಿದಳು. ಮಹಡಿಯಮ್ಮನ ರೇಡಿಯೋದ ಪುಣ್ಯ. ಮೇಡಂ ಹುಬ್ಬೇರಿಸಿ ಪಕ್ಕದವರ ಮುಖ ನೋಡಿದರು. ಆಮೇಲೆ ಪಿಯಾನೋದ ಒಂದು ಕೀ ಒತ್ತಿದರು.

"ಈ ಸ್ವರ ಮಾತ್ರ ಹೇಳಮ್ಮ."

ಹೇಳಿದಳು. ಮೇಡಂ ಮತ್ತೆ ಒತ್ತಿದರು, ಇವಳು ಮತ್ತೆ ಹೇಳಿದಳು. ಹೀಗೆ ಆರು ಸಲ.

"ಎಲ್ಲಾ ಸ್ವರನೂ ನೆಟ್ಟಗಿದೆ, ಇದೊಂದು ಮಾತ್ರ ಯಾಕೆ ಕುಸಿದು ಕೂತಿದೆ?"

"ನಮ್ಮ ಮನೇಲಿ ಇದು ಇಲ್ಲೇ ಇರೋದು ಮೇಡಂ."

"ಹಾಗಾದ್ರೆ ನಿಮ್ಮನೆ ಹಾರ್ಮೋನಿಯಂ ಕೆಟ್ಟಿದೆ. ಒಳ್ಳೆ ರಿಪೇರಿಯವರಿಗೆ ತೋರಿಸಿ."

ಮೂರು ತಿಂಗಳ ಅವಕಾಶ ಕೊಟ್ಟರು. ಅವಳು ಮನೆಗೆ ಬಂದು ಈ ಮಾತನ್ನು ಹಾಗೆಯೇ ಹೇಳಿದಾಗ ಅಪ್ಪ ಮೊದಲು ನಕ್ಕ. ನಕ್ಕು ಮುಗಿದ ಮೇಲೆ ಅವನಿಗೆ ಅರ್ಥವಾಯಿತು. ಮಗಳಿಗೆ ಮನೆಯ ಸ್ವರ, ಹೊರಗಿನ ಸ್ವರ ಎರಡೂ ಗೊತ್ತಿದೆ ಎಂದೇ ಅವನು ತಿಳಿದಿದ್ದ. ಮನೆಯಲ್ಲಿ ಹಾಕಿಕೊಳ್ಳುವ ಚಪ್ಪಲಿ ಬೇರೆ, ಹೊರಗೆ ಹಾಕಿಕೊಳ್ಳುವುದು ಬೇರೆ ಎಂದು ಯಾರಾದರೂ ಹೇಳಿಕೊಡುತ್ತಾರೆಯೇ?

ಅವನು ಪೆಟ್ಟಿಗೆ ಬಿಚ್ಚಿದ. ಆ ರೀಡಿನ ತುದಿಯನ್ನು ಉಜ್ಜಿ ಉಜ್ಜಿ ಸ್ವರವನ್ನು ಮೇಲಕ್ಕೆ ತಂದ. ಪರೀಕ್ಷೆಗೆ ಗಾಳಿಯ ತಿದಿ ಒತ್ತಿದ ಶಬ್ದ ಕೇಳಿ ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ಅಪ್ಪ ಅರ ಹಿಡಿದುಕೊಂಡೇ ಅವಳ ಮುಖ ನೋಡಿದ. ಬೇಡ ಎಂದಿದ್ದರೆ ನಿಲ್ಲಿಸುತ್ತಿದ್ದನೋ ಏನೋ. ಅವಳು, ಪೂರ್ತಿ ಮಾಡಿ, ಅವಳಿಗೆ ಬೇಕಲ್ಲ ಎಂದು ಹೇಳಿ ಒಳಗೆ ಹೋದಳು.

ಪೀಪಿ ಮೂರು ತಿಂಗಳು ದಿನಕ್ಕೆ ನಾಲ್ಕು ಗಂಟೆ ಆ ಒಂದು ಸ್ವರವನ್ನು ತಿದ್ದಿಕೊಂಡಳು. ಕೆಲಸ ಸಿಕ್ಕಿತು. ಎರಡನೆಯ ವರ್ಷ, ಬೆಳಗಿನ ಅಭ್ಯಾಸಕ್ಕೆ ಏಳು ಗಂಟೆಗೆ ಹೋಗಬೇಕಾದ್ದರಿಂದ, ಕೂದಲನ್ನು ಕತ್ತಿನವರೆಗೆ ಕತ್ತರಿಸಿದಳು. ಆಮೇಲೆ ಅಮ್ಮ ಬಾಚುವುದಕ್ಕೆ ಏನೂ ಉಳಿಯಲಿಲ್ಲ. ಹಾಡಿಗೆ ಮನೆಯಲ್ಲಿ ಹೊತ್ತೇ ಇಲ್ಲದಂತಾಯಿತು.

ಅವಳ ಕೆಲಸ ಒಳ್ಳೆಯದಿತ್ತು. ಇಪ್ಪತ್ತನಾಲ್ಕು ಜನರಲ್ಲಿ ಕೆಳದನಿಯ ಆರು ಮಂದಿ, ಅವರಲ್ಲಿ ಅವಳು ಎಡದಿಂದ ಎರಡನೆಯವಳು. ಏಳು ಭಾಷೆಯಲ್ಲಿ ಹಾಡುತ್ತಿದ್ದಳು. ಹೊಸಬರು ಸ್ವರ ತಪ್ಪಿದರೆ ಮೇಡಂ, ಪೀಪಿ ಪಕ್ಕ ನಿಂತ್ಕೊಳಿ, ಸರಿಹೋಗುತ್ತೆ ಎನ್ನುತ್ತಿದ್ದರು. ಅವಳ ದನಿಯನ್ನು ಬೇರೆಯಾಗಿ ಗುರುತಿಸಿ ಕೇಳಿದವರು ಕಡಿಮೆ. ವೃಂದದಲ್ಲಿ ಒಬ್ಬರ ದನಿ ಬೇರೆಯಾಗಿ ಕೇಳಿಸಿದರೆ ಅದೇ ತಪ್ಪು. ಒಂದು ಸಲ ಅಮ್ಮನ ಹಾಡನ್ನು ಹಿಡಿದಿಡಬೇಕೆಂದು ರೆಕಾರ್ಡರ್ ತಂದಳು. ಅಮ್ಮ ಅದನ್ನು ನೋಡಿ, ಬಾಚೋ ತಲೆ ಇಲ್ಲದೆ ಹಾಡೋದು ಹೇಗೆ ಎಂದು ಎದ್ದುಹೋದಳು. ಇನ್ನೊಮ್ಮೆ ಕೇಳಬಹುದು ಎಂದು ಪೀಪಿ ಬಿಟ್ಟಳು. ಹೇಗೂ ತನ್ನ ಗಂಟಲಲ್ಲಿ ಇದೆಯಲ್ಲ.

ಅವಳಿಗೆ ಮೂವತ್ತೊಂಬತ್ತು ತುಂಬಿದ ವರ್ಷ ಅಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಹೋದವು. ಐದನೆಯ ದಿನ ಮಾತು ಸ್ವಲ್ಪ ಮರಳಿತು, ಆದರೆ ಮರಳಿದ್ದು ಅವಳ ಭಾಷೆ ಮಾತ್ರ. ನಲವತ್ತು ವರ್ಷ ಈ ಮನೆಯಲ್ಲಿ ಆಡಿದ ಭಾಷೆ ಅವಳಿಗೆ ಬಾಯಿಗೂ ಬರಲಿಲ್ಲ, ಕಿವಿಗೂ ಹತ್ತಲಿಲ್ಲ. ಡಾಕ್ಟರು ಇದು ಅಪರೂಪವಲ್ಲ ಎಂದು ವಿವರಿಸಿದರು. ಕೆಲವರಲ್ಲಿ ಆಮೇಲೆ ಕಲಿತದ್ದು ಹೋಗಿ ಮೊದಲಿನದು ಉಳಿಯುತ್ತದೆ. ಮನೆಯಲ್ಲಿ ಆ ಭಾಷೆ ಆಡುವವರು ಇದ್ದರೆ ತೊಂದರೆಯಾಗುವುದಿಲ್ಲ, ಇದ್ದಾರಲ್ಲ ಎಂದು ಕೇಳಿದರು. ಅಪ್ಪ ಮಗಳ ಮುಖ ನೋಡಿದ, ಮಗಳು ನೆಲ ನೋಡಿದಳು.

ಮನೆಗೆ ತಂದ ಮೇಲೆ ಪೀಪಿ ರಜೆ ಹಾಕಿ ಜೊತೆಗಿದ್ದಳು. ಬದಲಿಸುವ ಬಟ್ಟೆಯ ಲೆಕ್ಕಕ್ಕೆ ಒಂದು ಚೀಟಿ ಬರೆದಿಟ್ಟಳು, ಔಷಧಿಗೆ ಒಂದು, ಅಮ್ಮನ ಭಾಷೆಯ ಮಾತುಗಳಿಗೆ ಒಂದು. ಮೂರನೆಯದು ಎಲ್ಲಕ್ಕಿಂತ ಚಿಕ್ಕದಿತ್ತು. ನೀರು, ಸಾಕು, ಬಾ, ಬಿಸಿ, ಮಗು. ಅಮ್ಮ ಉದ್ದುದ್ದ ಏನೋ ಹೇಳಿ ಉತ್ತರಕ್ಕೆ ಕಾಯುತ್ತಿದ್ದಳು. ಇವಳು ಬಾ ಎನ್ನುತ್ತಿದ್ದಳು, ಇಲ್ಲವೇ ಸಾಕು ಎನ್ನುತ್ತಿದ್ದಳು. ಆಸ್ಪತ್ರೆಗೆ ಬಂದ ಅಪರಿಚಿತರನ್ನು ನೋಡುವಂತೆ ಅಮ್ಮ ಅವಳನ್ನು ನೋಡುತ್ತಿದ್ದಳು.

ಎರಡನೆಯ ವಾರ ಪೀಪಿ ಅಮ್ಮನ ತಲೆ ಬಾಚಲು ಕೂತು ಆ ಹಾಡು ಎತ್ತಿಕೊಂಡಳು. ಮೊದಲ ಸಾಲಿಗೆ ಅಮ್ಮನ ಭುಜ ಸಡಿಲವಾಯಿತು, ಎಡಗೈ ಹಾಸಿಗೆಯ ಮೇಲೆ ಲಯ ಹಿಡಿಯಿತು. ಎರಡನೆಯ ಸಾಲಿನಲ್ಲಿ ಮೂರನೆಯ ಸ್ವರ ಬಂತು. ಅಮ್ಮ ತಲೆಯನ್ನು ಬಾಚಣಿಗೆಯಿಂದ ಆಚೆಗೆ ಎಳೆದುಕೊಂಡಳು. ಕೂದಲು ಎಳೆಯಿತೇನೋ ಎಂದುಕೊಂಡು ಪೀಪಿ ಮತ್ತೆ ಮೊದಲಿನಿಂದ ಹಾಡಿದಳು. ಅದೇ ಜಾಗದಲ್ಲಿ ಮತ್ತೆ ಎಳೆದುಕೊಂಡಳು. ನಾಲ್ಕನೆಯ ಸಲ ತಿರುಗಿ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ನೀನು ಯಾರಮ್ಮ ಎಂಬಂತಿತ್ತು.

ಅಮ್ಮ ಹೋಗುವುದರೊಳಗೆ ಆ ಸ್ವರವನ್ನು ಒಮ್ಮೆ ಅವಳಿಗೆ ಕೇಳಿಸಬೇಕು. ಪೀಪಿಗೆ ಇದೊಂದೇ ಕೆಲಸವಾಯಿತು. ವೃಂದದಲ್ಲಿ ಕಲಿತಂತೆ ಕ್ರಮವಾಗಿ ಒಂದೊಂದೇ ದಾರಿ ಹಿಡಿದು ಹೊರಟಳು.

ಮೊದಲು ಅಪ್ಪನನ್ನು ಕೇಳಿದಳು. ಎಪ್ಪತ್ತು ದಾಟಿದ ಅಪ್ಪ ಮನೆಯ ಪೆಟ್ಟಿಗೆಯನ್ನು ಬಿಚ್ಚಿ ಆ ರೀಡನ್ನು ಹೊರತೆಗೆದು ಬೆಳಕಿಗೆ ಹಿಡಿದ. ಬುಡ ಒಮ್ಮೆ ಸವೆದಿತ್ತು, ತುದಿ ಒಮ್ಮೆ ಸವೆದಿತ್ತು. ಮತ್ತೆ ಬುಡಕ್ಕೆ ಅರ ಇಟ್ಟ. ಅಮ್ಮನ ಮಂಚದ ಪಕ್ಕದಲ್ಲೇ ಕೂತು, ಒಂದೊಂದು ಉಜ್ಜಿಗೂ ತಿದಿ ಒತ್ತಿ ಅವಳ ಮುಖ ನೋಡಿದ. ಒಂಬತ್ತನೆಯ ಉಜ್ಜಿಗೆ ಅಮ್ಮ ಕಣ್ಣು ಅರಳಿಸಿ ಅವನ ಕಡೆ ತಿರುಗಿದಳು. ಹತ್ತನೆಯದಕ್ಕೆ ರೀಡ್ ಬುಡದಲ್ಲಿ ಮುರಿಯಿತು. ಹೊಸದು ಹಾಕಿ ಮತ್ತೆ ಇಳಿಸಬಹುದಿತ್ತು. ಹಾಕಿದ, ಮೂರು ದಿನ ಇಳಿಸಿದ. ಅಮ್ಮ ಮತ್ತೆ ತಿರುಗಲಿಲ್ಲ. ಪೆಟ್ಟಿಗೆಯ ಸದ್ದಿಗೆ ಅವಳಿಗೆ ಆಗಲೇ ದಣಿವಾಗಿತ್ತು.

"ಆವತ್ತು ಅವಳೇ ಸಾಕು ಅಂದಿದ್ಳು ಕಣೇ, ನಿಲ್ಲಿಸಿದೆ," ಎಂದ ಅಪ್ಪ. "ಎಲ್ಲಿ ನಿಲ್ಲಿಸಿದೆ ಅಂತ ನಾನು ಕಿವೀಲಿ ಇಟ್ಕೊಳ್ಳಲಿಲ್ಲ. ಮನೇಲಿ ಅವಳಿದ್ಲಲ್ಲ."

ಊರಾಚೆ ದೊಡ್ಡದೊಂದು ಲಾಂಡ್ರಿ ಇತ್ತು. ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ಜಾಗ. ಅಲ್ಲಿ ಅಮ್ಮನ ಭಾಷೆಯ ಹೆಂಗಸರು ಇತ್ತೀಚೆಗೆ ಕೆಲಸಕ್ಕೆ ಬಂದಿದ್ದಾರೆಂದು ಮೇಡಂ ಹೇಳಿದರು. ಪೀಪಿ ಹೋದಳು. ಆವಿ ತುಂಬಿದ ಕೋಣೆಯಲ್ಲಿ ಎಂಟು ಮಂದಿ ಹಾಸಿಗೆಯ ಚಾದರಗಳನ್ನು ಎರಡೂ ತುದಿ ಹಿಡಿದು ಮಡಚುತ್ತಿದ್ದರು. ಇವಳು ಹಾಡು ಎತ್ತಿಕೊಂಡ ಕೂಡಲೇ ನಕ್ಕು ಗುರುತು ಹಿಡಿದರು. ಪದ ಅದೇ, ರಾಗ ಅದೇ. ಪೀಪಿ ಒಬ್ಬೊಬ್ಬರೇ ಹಾಡುವಂತೆ ಕೈಸನ್ನೆ ಮಾಡಿದಳು. ಆದರೆ ಒಬ್ಬಳು ಹಾಡಿದಾಗ ಆ ಮೂರನೆಯ ಸ್ವರ ಒಂದು ಕಡೆ ಇತ್ತು, ಇನ್ನೊಬ್ಬಳು ಹಾಡಿದಾಗ ಅದಕ್ಕಿಂತ ಕೆಳಗೆ, ಮೂರನೆಯವಳದು ಇವೆರಡೂ ಅಲ್ಲ. ಅವರಲ್ಲಿ ಹಿರಿಯಳಾದ ಇಸ್ತ್ರಿಯ ಅಜ್ಜಿಗೆ ಈ ಊರಿನ ಭಾಷೆ ಸ್ವಲ್ಪ ಬರುತ್ತಿತ್ತು.

"ನಿಮ್ಮಮ್ಮ ಯಾರ ಮನೆಯವಳು?" ಎಂದು ಕೇಳಿದಳು.

ಪೀಪಿಗೆ ಗೊತ್ತಿರಲಿಲ್ಲ. ಕೇಳಿಯೇ ಇರಲಿಲ್ಲ.

"ಹಾಗಾದ್ರೆ ನಾವೇನು ಹೇಳೋಣ ಮಗಳೇ? ಅದು ಮನೆಮನೆಗೂ ಬೇರೆ. ತಾಯಿ ಬಾಚಿದ ತಲೆಗೆ ಮಾತ್ರ ಗೊತ್ತಿರುತ್ತೆ. ನಿನ್ನ ತಲೆ ಯಾರು ಬಾಚಿದ್ದು?"

"ಅಮ್ಮನೇ."

"ಮತ್ತೆ ನನ್ನನ್ನ ಕೇಳ್ತೀಯಲ್ಲ," ಎಂದು ಅಜ್ಜಿ ನಕ್ಕು ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡಳು. ನಗುವಿನಲ್ಲಿ ಕೆಡುಕೇನೂ ಇರಲಿಲ್ಲ.

ಪೀಪಿ ಬಸ್ಸಿನಲ್ಲಿ ಕೂತು ಯೋಚಿಸಿದಳು. ಅದು ಒಂದು ಜನಾಂಗದ ಸ್ವರ, ಎಲ್ಲೋ ಹುಡುಕಿದರೆ ಸಿಗುತ್ತದೆ ಎಂದು ತಿಳಿದಿದ್ದಳು. ಅದು ಎರಡು ಗಂಟಲುಗಳಲ್ಲಿ ಮಾತ್ರ ಇದ್ದ ಸ್ವರ. ಒಂದು ಹಾಸಿಗೆ ಹಿಡಿದಿತ್ತು. ಇನ್ನೊಂದನ್ನು ತಾನೇ ದಿನಕ್ಕೆ ನಾಲ್ಕು ಗಂಟೆ ಕೂತು ತಿದ್ದಿದ್ದಳು.

ಉಳಿದದ್ದು ಅಳತೆಯ ದಾರಿ. ಧ್ವನಿಮುದ್ರಣ ವಿಭಾಗದ ಸಹೋದ್ಯೋಗಿಯಿಂದ ಸ್ವರ ಅಳೆಯುವ ಚಿಕ್ಕ ಯಂತ್ರ ತಂದಳು. ಮುಳ್ಳು ನೋಡುತ್ತ ಹಾಡಿದರೆ ಐವತ್ತು, ಐವತ್ತೈದು, ಅರವತ್ತು, ಹೇಳಿದ ಕಡೆ ನಿಲ್ಲಬಲ್ಲಳು. ಹಾಡಿನೊಳಗೆ ಆ ಜಾಗಕ್ಕೆ ಬಂದಾಗ ಮಾತ್ರ ಗಂಟಲು ತಾನಾಗಿ ಮೇಲಕ್ಕೇರುತ್ತಿತ್ತು. ಪ್ರತಿದಿನ ಹಾಡಿದ್ದನ್ನು ಮುದ್ರಿಸಿಕೊಂಡು ಅಳೆದು ಬರೆದಿಟ್ಟಳು. ಹದಿನೆಂಟು ದಿನಗಳಲ್ಲಿ ಎಂಬತ್ತೆಂಟಕ್ಕಿಂತ ಕೆಳಗೆ ಒಂದು ದಿನವೂ ಇಳಿಯಲಿಲ್ಲ. ಅಮ್ಮ ಪ್ರತಿದಿನವೂ ತಲೆ ಎಳೆದುಕೊಂಡಳು. ಆದರೆ ಬಾಚಣಿಗೆ ಹಿಡಿದು ಮಗಳು ಬರುವ ಹೊತ್ತಿಗೆ ತಾನಾಗಿ ದಿಂಬಿನಿಂದ ತಲೆ ಎತ್ತುವುದನ್ನೂ ಕಲಿತಿದ್ದಳು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಅಮ್ಮನಿಗೆ ಉಸಿರಾಟ ಸ್ವಲ್ಪ ಭಾರವಿತ್ತು. ಪೀಪಿ ಯಂತ್ರ ಇಡಲಿಲ್ಲ, ಮುದ್ರಿಸಲೂ ಇಲ್ಲ. ಕೂದಲು ಸಿಕ್ಕಾಗಿತ್ತು, ಬಾಚಬೇಕಿತ್ತು, ಅಷ್ಟೇ. ಮೊದಲ ಸುತ್ತಿನಲ್ಲಿ ಅಮ್ಮ ಎಂದಿನಂತೆ ತಲೆ ಎಳೆದುಕೊಂಡಳು. ಎರಡನೆಯ ಸುತ್ತಿಗೆ ಸುಮ್ಮನೆ ಕೇಳಿದಳು. ಮೂರನೆಯ ಸುತ್ತಿಗೆ ತಾನೂ ದನಿ ಕೂಡಿಸಿದಳು.

ಕಾಯಿಲೆ ಬಿದ್ದ ಮೇಲೆ ಅವಳು ಹಾಡಿದ್ದು ಅದೇ ಮೊದಲು. ದನಿ ತೆಳ್ಳಗಿತ್ತು, ಪದ ಅರ್ಧಂಬರ್ಧ, ಸ್ವರ ಮಾತ್ರ ನೇರ. ಪೀಪಿ ಬಾಚಣಿಗೆಯನ್ನು ಹಾಗೇ ಹಿಡಿದುಕೊಂಡಳು. ಈಗ ಬರುತ್ತದೆ, ಈಗ ಕೇಳಿಸಿಕೊಂಡರೆ ಸಾಕು, ಅಮ್ಮನ ದನಿಯ ಬೆನ್ನು ಹಿಡಿದು ತಾನೂ ಅಲ್ಲಿಗೆ ಇಳಿಯಬಹುದು. ಎರಡನೆಯ ಸಾಲು ಬಂತು. ಅಮ್ಮ ಆ ಸ್ವರದ ಹತ್ತಿರ ಬಂದು ಒಂದು ಕ್ಷಣ ತಡೆದಳು. ಹಾಡುವವರು ಉಸಿರಿಗೆ ತಡೆಯುವ ಹಾಗಲ್ಲ, ಬೀದಿ ದಾಟುವವರು ಪಕ್ಕದವರ ಕೈಗಾಗಿ ತಡೆಯುವ ಹಾಗೆ. ಆಮೇಲೆ ಮೇಲಕ್ಕೆ ಬಂದಳು. ಮಗಳು ಎಲ್ಲಿ ನಿಂತಿದ್ದಳೋ ಅಲ್ಲಿಗೇ ಬಂದು ನಿಂತಳು. ಎರಡು ದನಿಯ ನಡುವೆ ಕೂದಲೆಳೆಯಷ್ಟೂ ಅಂತರ ಉಳಿಯಲಿಲ್ಲ. ವೃಂದದಲ್ಲಾಗಿದ್ದರೆ ಮೇಡಂ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

ಅಪ್ಪ ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಏನಾಯಿತೆಂದು ಅವನ ಕಿವಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ನೀನು ಬರಲಿಲ್ಲ ಅಂತ ಅವಳೇ ಬಂದ್ಲು," ಎಂದ. ಹೇಳಿ ಕೆಲಸದ ಬೆಂಚಿಗೆ ಹೋಗಿ ಕೂತ.

ಅಮ್ಮ ಆಮೇಲೆ ಒಂಬತ್ತು ದಿನ ಬದುಕಿದ್ದಳು. ಪ್ರತಿದಿನ ಬೆಳಿಗ್ಗೆ ಇಬ್ಬರೂ ಸೇರಿ ಹಾಡಿದರು, ಕೊನೆಯ ಮೂರು ದಿನ ಅಮ್ಮನದು ಬರೀ ತುಟಿ ಅಲ್ಲಾಡುತ್ತಿತ್ತು. ಪೀಪಿ ಆ ಒಂಬತ್ತು ದಿನ ಹಳೆಯ ಸ್ವರವನ್ನು ಹುಡುಕಲಿಲ್ಲ. ಹುಡುಕುತ್ತ ತಾನು ಅತ್ತಿತ್ತ ಸರಿದರೆ ಅಮ್ಮನೂ ಅಷ್ಟು ದೂರ ಮತ್ತೆ ಬರಬೇಕಾಗುತ್ತಿತ್ತು. ಅಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಆದ್ದರಿಂದ ಇಪ್ಪತ್ತೆರಡು ವರ್ಷ ಹಾಡಿದ್ದ ಜಾಗದಲ್ಲೇ, ಅಮ್ಮನಿಗೆ ಸುಲಭವಾಗಿ ಸಿಗುವ ಹಾಗೆ, ಅಲುಗಾಡದೆ ನಿಂತು ಹಾಡಿದಳು.